ಆಟದ ಅಂಗಡಿಗೆ ಕೊಟ್ಟ ಹಣವೂ ಲಿನಕ್ಸ್ ಕೆಲಸಗಾರರೂ

ಪೋಷಕರ ಸಭೆಯು ಮುಗಿದು ಎಲ್ಲರೂ ಹೊರಟ ಮೇಲೆ, ಹಿಂದೆ ನನ್ನ ತರಗತಿಯಲ್ಲಿಯೇ ಓದಿ ಈಗ ತನ್ನ ಮಗಳನ್ನು ನಮ್ಮ ಶಾಲೆಗೆ ಕಳುಹಿಸುತ್ತಿರುವ ಒಬ್ಬಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮನವರೇ, ಒಂದು ಮಾತು ಕೇಳಬೇಕಾಗಿತ್ತು. ಅಂಕಗಳ ವಿಷಯವಲ್ಲ," ಎಂದಳು. ಅವಳ ಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ೧೦ ಇತ್ತು. ೨೦೨೫ನೆಯ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಕಂಪೆನಿಯವರು ಅದರ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿದರು. ಹೊಸ ಯಂತ್ರವನ್ನು ಕೊಳ್ಳುವಷ್ಟು ಅನುಕೂಲವಿಲ್ಲದ್ದರಿಂದ ಅವಳ ತಮ್ಮನು ಅದೇ ಯಂತ್ರದಲ್ಲಿ ಲಿನಕ್ಸನ್ನು ಹಾಕಿಕೊಟ್ಟನು. ಅದಕ್ಕೆ ಒಂದು ಕಾಸೂ ಬೀಳಲಿಲ್ಲ. ಆಮೇಲೆ ಮಗಳು ಹುಟ್ಟುಹಬ್ಬಕ್ಕೆ ಬಂದ ಹಣದಿಂದ ಸ್ಟೀಮ್ ಎಂಬ ಅಂಗಡಿಯಲ್ಲಿ ೫೯೦ ರೂಪಾಯಿ ಕೊಟ್ಟು ಒಂದು ಆಟವನ್ನು ಕೊಂಡಳು. ಆಟವು ವಿಂಡೋಸಿಗಾಗಿ ಮಾಡಿದ್ದು. ಆದಾಗ್ಯೂ ಲಿನಕ್ಸಿನಲ್ಲಿ ಯಾವ ತೊಡಕೂ ಇಲ್ಲದೆ ನಡೆಯಿತು. "ಹಾಗಾದರೆ ಅದನ್ನು ನಮ್ಮ ಯಂತ್ರದಲ್ಲಿ ನಡೆಯುವಂತೆ ಮಾಡಿದವರು ಯಾರು, ಅಮ್ಮನವರೇ? ನಾವು ಕೊಟ್ಟದ್ದರಲ್ಲಿ ಅವರಿಗೆ ಏನಾದರೂ ಹೋಯಿತೇ? ಇನ್ನೊಬ್ಬರ ದುಡಿಮೆಯನ್ನು ಸುಮ್ಮನೆ ಉಂಡಂತಾಗಬಾರದಲ್ಲ," ಎಂದಳು.

ನಾನು ಗಣಿತವನ್ನು ಕಲಿಸುವವಳು. ಆಟಗಳ ಸಂಗತಿಯಲ್ಲಿ ನನ್ನ ತಿಳುವಳಿಕೆ ಆ ದಿನ ಬಹು ಸ್ವಲ್ಪವಾಗಿತ್ತು. ಮಕ್ಕಳ ಕೈಯಿಂದ ಅವನ್ನು ಕಿತ್ತಿಡುವದರಲ್ಲಿಯೇ ನನ್ನ ಅನುಭವವೆಲ್ಲ. ಆದರೆ ಪ್ರಶ್ನೆಯು ಲೆಕ್ಕದ ಪ್ರಶ್ನೆಯಾಗಿತ್ತು. ಕೊಟ್ಟ ರೂಪಾಯಿ ಎಲ್ಲೆಲ್ಲಿ ಒಡೆದು ಯಾರ ಯಾರ ಕೈಸೇರುವದೆಂದು ವಿಚಾರಿಸುವದು ಪ್ರತಿಯೊಬ್ಬ ಗೃಹಿಣಿಯೂ ಸಂತೆಯಲ್ಲಿ ಮಾಡುವ ಕೆಲಸವೇ. ಆದುದರಿಂದ ಅಂದಿನಿಂದ ಓದಿ ತಿಳಿದುಕೊಂಡದ್ದನ್ನು ಅವಳೊಬ್ಬಳಿಗೆ ಹೇಳಿ ಬಿಡುವದಕ್ಕಿಂತ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಓದುವ ಈ ಸಂಚಿಕೆಯಲ್ಲಿ ಬರೆಯುವದು ಒಳ್ಳೆಯದೆಂದು ತೋರಿತು.

ಲಿನಕ್ಸ್ ಎಂಬದು ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡಿಸುವ ಮೂಲ ವ್ಯವಸ್ಥೆ. ೧೯೯೧ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬವರು ಅದರ ತಿರುಳನ್ನು ಬರೆದು ಬಹಿರಂಗಪಡಿಸಿದರು. ಅಮೇರಿಕದ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಸಾರಿದ ಗ್ನು ಎಂಬ ಯೋಜನೆಯ ಉಪಕರಣಗಳು ಅದರೊಂದಿಗೆ ಕೂಡಿಕೊಂಡವು. ಅದರ ಮೂಲಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು, ಹಣ ಕೊಡಬೇಕಾಗಿಲ್ಲ. ಇಂಥ ವಸ್ತುವನ್ನು ಮಾಡುವವರಿಗೆ ಊಟವೆಲ್ಲಿಂದ ಬರುವದೆಂಬ ಪ್ರಶ್ನೆಯು ಮೊದಲಿನಿಂದಲೂ ಇದ್ದದ್ದೇ. ದೊಡ್ಡ ಕಂಪೆನಿಗಳು ತಮ್ಮ ವ್ಯವಹಾರಗಳಿಗೆ ಲಿನಕ್ಸನ್ನು ಬಳಸುವದರಿಂದ ಅದರ ತಿರುಳನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಡುತ್ತವೆ. ಆದರೆ ಬೇಂಕಿನ ಲೆಕ್ಕಕ್ಕೂ ಅಂತರಜಾಲದ ಸಾಗಾಟಕ್ಕೂ ಬೇಕಾದ ಲಿನಕ್ಸ್ ಬೇರೆ, ಆಟವಾಡಲು ಬೇಕಾದದ್ದು ಬೇರೆ. ಚಿತ್ರಗಳು ಕಣ್ಣೆವೆಯ ವೇಗದಲ್ಲಿ ಬದಲಾಗಬೇಕು, ಧ್ವನಿ ಹಿಂದೆ ಬೀಳಬಾರದು, ಆಡುವವಳು ಒತ್ತಿದ ಕೀಲಿಗೆ ತಟ್ಟನೆ ಉತ್ತರ ಬರಬೇಕು. ಇದಕ್ಕಾಗಿ ದುಡಿಯುವವರಿಗೆ ಯಾವ ಬೇಂಕೂ ಸಂಬಳ ಕೊಡುವದಿಲ್ಲ. ಅವರ ಜೀವನವು ಬಹುಮಟ್ಟಿಗೆ ಆಟಗಳನ್ನು ಕೊಳ್ಳುವವರ ಹಣದ ಮೇಲೆಯೇ ನಿಂತಿರುತ್ತದೆ.

ಈ ಕೆಲಸಗಾರರಲ್ಲಿಯೂ ಭೇದವುಂಟು. ಕೆಲವರು ತಮ್ಮ ಆಟವನ್ನು ಮೊದಲಿನಿಂದಲೇ ಲಿನಕ್ಸಿನಲ್ಲಿಯೂ ನಡೆಯುವಂತೆ ಬರೆಯುತ್ತಾರೆ. ಕೆಲವರು, ಬೇರೆಯವರು ವಿಂಡೋಸಿಗಾಗಿ ಮಾಡಿದ ಆಟವನ್ನು ಪಡೆದು ಲಿನಕ್ಸಿಗೆ ತಕ್ಕಂತೆ ಮಾರ್ಪಡಿಸುತ್ತಾರೆ. ಬಟ್ಟೆಯನ್ನು ಬಿಚ್ಚಿ ಬೇರೆ ಮೈಗೆ ಹೊಂದುವಂತೆ ಹೊಲಿದುಕೊಡುವ ದರ್ಜಿಯಂತೆ. ಇನ್ನು ಕೆಲವರು ಯಾವ ಆಟವನ್ನೂ ಮಾಡದೆ, ಎಲ್ಲ ಆಟಗಳ ಅಡಿಯಲ್ಲಿ ಇರಬೇಕಾದ ನೆಲಗಟ್ಟನ್ನು ಕಟ್ಟುತ್ತಾರೆ. ಅಂಗಡಿಗೆ ಕೊಟ್ಟ ಹಣವು ಈ ಮೂವರಿಗೂ ಒಂದೇ ದಾರಿಯಿಂದ ಹೋಗುವದಿಲ್ಲ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದಿದ್ದುದು ಇದರಿಂದಲೇ.

ಹಣವು ತಪ್ಪಾದ ಪೆಟ್ಟಿಗೆಗೆ ಬಿದ್ದರೆ ಏನಾಗುವದೆಂಬದಕ್ಕೆ ಲೋಕಿ ಎಂಬ ಕಂಪೆನಿಯ ಕಥೆಯನ್ನು ಹೇಳಬೇಕು. ವಕೀಲರಾಗಿದ್ದ ಸ್ಕಾಟ್ ಡ್ರೇಕರ್ ಎಂಬವರು ೧೯೯೮ರಲ್ಲಿ ಕೆಲಿಫೋರ್ನಿಯದಲ್ಲಿ ಅದನ್ನು ಸ್ಥಾಪಿಸಿದರು. ಹೆಸರಾದ ಆಟಗಳನ್ನು ಲಿನಕ್ಸಿಗೆ ಮಾರ್ಪಡಿಸಿ ಪೆಟ್ಟಿಗೆಯಲ್ಲಿಟ್ಟು ಮಾರುವದೇ ಅವರ ಉದ್ಯೋಗ. ೧೯೯೯ರಲ್ಲಿ 'ಸಿವಿಲೈಜೇಷನ್: ಕಾಲ್ ಟು ಪವರ್' ಎಂಬದು ಅವರ ಮೊದಲ ಸರಕಾಗಿ ಬಂದಿತು. ಅದೇ ವರುಷದ ಕೊನೆಯಲ್ಲಿ 'ಕ್ವೇಕ್ ೩' ಎಂಬ ಬಹು ಪ್ರಸಿದ್ಧ ಆಟವನ್ನೂ ಲಿನಕ್ಸಿಗೆ ತಂದರು. ಆದರೆ ವಿಂಡೋಸಿನ ಪೆಟ್ಟಿಗೆ ಅಂಗಡಿಗೆ ಮೊದಲು ಬಂದಿತು. ಲಿನಕ್ಸಿನವರಲ್ಲಿ ಅನೇಕರು ಕಾದಿರದೆ ಅದನ್ನೇ ಕೊಂಡರು. ಲಿನಕ್ಸಿನಲ್ಲಿ ನಡಿಸುವ ಕಡತವನ್ನು ಅಂತರಜಾಲದಿಂದ ಬಿಟ್ಟಿಯಾಗಿ ತೆಗೆದುಕೊಂಡು, ವಿಂಡೋಸಿನ ತಟ್ಟೆಯಲ್ಲಿದ್ದ ಚಿತ್ರ ಧ್ವನಿಗಳನ್ನು ಅದಕ್ಕೆ ಸೇರಿಸಿ ಆಡಿದರು. ಆಡಿದ್ದು ಲಿನಕ್ಸಿನಲ್ಲಿ, ಹಣ ಜಮೆಯಾದದ್ದು ವಿಂಡೋಸಿನ ಖಾತೆಯಲ್ಲಿ. ಇದರಲ್ಲಿ ಕಳ್ಳತನವೇನೂ ಇರಲಿಲ್ಲ, ಯಾರ ಮನಸ್ಸಿನಲ್ಲಿಯೂ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಮಾರ್ಪಡಿಸಿದವರಿಗೆ ಅದರಿಂದ ಏನೂ ದೊರೆಯಲಿಲ್ಲ. ಲೋಕಿಯವರು ೨೦೦೧ರ ಆಗಸ್ಟಿನಲ್ಲಿ ದಿವಾಳಿಯ ಅರ್ಜಿಯನ್ನು ಕೊಟ್ಟರು. ೨೦೦೨ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಇದೊಂದೇ ಅವರ ನಾಶಕ್ಕೆ ಕಾರಣವೆಂದು ನಾನು ಹೇಳುವದಿಲ್ಲ, ಮಾರಾಟವೇ ಸಣ್ಣದಾಗಿತ್ತು. ಸಣ್ಣ ಮಾರಾಟದಲ್ಲಿ ಈ ಸೋರುವಿಕೆಯನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಆದರೆ ಲೋಕಿಯಲ್ಲಿ ದುಡಿದವರ ಕೆಲಸವು ಅದರೊಂದಿಗೆ ಸಾಯಲಿಲ್ಲ. ಅಲ್ಲಿದ್ದ ಸ್ಯಾಮ್ ಲ್ಯಾಂಟಿಂಗ ಎಂಬವರು ೧೯೯೮ರಲ್ಲಿ ಬರೆದ ಎಸ್‌ಡಿಎಲ್ ಎಂಬ ಉಪಕರಣವು ಆಟಕ್ಕೂ ಯಂತ್ರಕ್ಕೂ ನಡುವೆ ನಿಂತು ಚಿತ್ರ, ಧ್ವನಿ, ಕೀಲಿಗಳ ವ್ಯವಹಾರವನ್ನು ನೋಡಿಕೊಳ್ಳುತ್ತದೆ. ಇಂದಿಗೂ ಅಸಂಖ್ಯಾತ ಆಟಗಳು ಅದರ ಮೇಲೆ ನಡೆಯುತ್ತವೆ. ಅಲ್ಲಿಯೇ ಕೆಲಸಮಾಡಿದ ರಯನ್ ಗಾರ್ಡನ್ ಎಂಬವರು ಮುಂದೆ ಸ್ವತಂತ್ರರಾಗಿ ಎಷ್ಟೋ ಆಟಗಳನ್ನು ಲಿನಕ್ಸಿಗೆ ತಂದರು.

ಲಿನಕ್ಸಿನವರು ಎಲ್ಲವನ್ನೂ ಬಿಟ್ಟಿಯಾಗಿ ಬಯಸುವವರೆಂಬ ಅಪವಾದವೊಂದು ವರ್ತಕರಲ್ಲಿ ಹರಡಿತ್ತು. ೨೦೧೦ರ ಮೇ ತಿಂಗಳಲ್ಲಿ ಅಮೇರಿಕದ ವುಲ್ಫೈರ್ ಎಂಬ ಸಣ್ಣ ಕಂಪೆನಿಯವರು ಈ ಮಾತನ್ನು ಪರೀಕ್ಷೆಗೆ ಒಡ್ಡಿದಂತಾಯಿತು. ಅವರು 'ವರ್ಲ್ಡ್ ಆಫ್ ಗೂ' ಮೊದಲಾದ ಕೆಲವು ಆಟಗಳನ್ನು ಒಂದು ಗಂಟಾಗಿ ಕಟ್ಟಿ, ಹಂಬಲ್ ಇಂಡೀ ಬಂಡಲ್ ಎಂದು ಹೆಸರಿಟ್ಟು, ಮನಸ್ಸಿಗೆ ತೋರಿದಷ್ಟು ಬೆಲೆ ಕೊಟ್ಟು ಕೊಳ್ಳಿರೆಂದು ಸಾರಿದರು. ಕೊಟ್ಟ ಹಣದಲ್ಲಿ ಆಟ ಮಾಡಿದವರಿಗೆ ಎಷ್ಟು, ಧರ್ಮಸಂಸ್ಥೆಗಳಿಗೆ ಎಷ್ಟು ಎಂಬದನ್ನೂ ಕೊಳ್ಳುವವರೇ ಗೊತ್ತುಮಾಡಬಹುದಾಗಿತ್ತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಆಟಗಳಿದ್ದವು. ಯಾವ ವ್ಯವಸ್ಥೆಯವರು ಸರಾಸರಿ ಎಷ್ಟು ಕೊಡುತ್ತಿದ್ದಾರೆಂಬದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿದರು. ಒಟ್ಟು ೧೨ ಲಕ್ಷ ಡಾಲರುಗಳಿಗಿಂತ ಹೆಚ್ಚು ಕೂಡಿತು. ಲಿನಕ್ಸಿನವರ ಸರಾಸರಿಯು ವಿಂಡೋಸಿನವರ ಸರಾಸರಿಯ ಹತ್ತಿರ ಇಮ್ಮಡಿಯಾಗಿತ್ತು! ಹತ್ತು ಲಕ್ಷ ದಾಟಿದ ಮೇಲೆ ನಾಲ್ಕು ಆಟಗಳನ್ನು ಮಾಡಿದವರು ತಮ್ಮ ಮೂಲಬರಹವನ್ನೇ ಲೋಕಕ್ಕೆ ಬಿಟ್ಟುಕೊಟ್ಟರು. ಗಿರಾಕಿಗಳು ಕಡಮೆಯಾಗಿರಬಹುದು, ಜಿಪುಣರಲ್ಲವೆಂಬದು ಅಂದಿನಿಂದ ಅಂಕೆಗಳಲ್ಲಿ ನಿಂತಿತು.

ಈಗ ನಮ್ಮ ಹುಡುಗಿಯ ೫೯೦ ರೂಪಾಯಿಗೆ ಬರೋಣ. ಸ್ಟೀಮ್ ಎಂಬದು ಅಮೇರಿಕದ ವಾಷಿಂಗ್ಟನ್ ಸಂಸ್ಥಾನದ ವಾಲ್ವ್ ಕಂಪೆನಿಯವರು ೨೦೦೩ರಲ್ಲಿ ತೆರೆದ ಅಂಗಡಿ. ಕಂಪ್ಯೂಟರ್ ಆಟಗಳನ್ನು ಮಾರುವದರಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ದೇಶದಲ್ಲಿ ಕೊಳ್ಳುವವರು ಕೊಡುವ ಬೆಲೆಯಲ್ಲಿ ನೂರಕ್ಕೆ ೧೮ರ ಸರಕು ಮತ್ತು ಸೇವಾ ತೆರಿಗೆಯು ಸೇರಿರುತ್ತದೆ. ೫೯೦ರಲ್ಲಿ ೯೦ ರೂಪಾಯಿ ಅದಕ್ಕೆ ಹೋಯಿತು. ಉಳಿದ ೫೦೦ರಲ್ಲಿ ಅಂಗಡಿಯವರು ನೂರಕ್ಕೆ ೩೦ರಂತೆ ೧೫೦ನ್ನು ಹಿಡಿದುಕೊಂಡು ೩೫೦ನ್ನು ಆಟದ ಒಡೆಯರಿಗೆ ಕೊಡುತ್ತಾರೆ. (ಒಂದು ಆಟದ ಮಾರಾಟವು ಒಂದು ಕೋಟಿ ಡಾಲರನ್ನು ದಾಟಿದ ಮೇಲೆ ಈ ಪಾಲು ನೂರಕ್ಕೆ ೨೫ಕ್ಕೂ, ಐದು ಕೋಟಿಯನ್ನು ದಾಟಿದ ಮೇಲೆ ೨೦ಕ್ಕೂ ಇಳಿಯುವದೆಂದು ೨೦೧೮ರಲ್ಲಿ ಗೊತ್ತುಪಡಿಸಿದರು. ದೊಡ್ಡವರಿಗೆ ರಿಯಾಯಿತಿ, ಸಣ್ಣವರಿಗೆ ಪೂರ್ತಿ ಎಂಬ ಈ ಕ್ರಮವು ನನಗೆ ಸರಿಯೆಂದು ತೋರುವದಿಲ್ಲ.) ಆ ೩೫೦ರಲ್ಲಿ ಪ್ರಕಾಶಕರ ಪಾಲು, ಆದಾಯ ತೆರಿಗೆ ಮೊದಲಾದವು ಕಳೆಯಬೇಕಾಗುತ್ತದೆ.

ಇಲ್ಲಿಯವರೆಗೆ ಲಿನಕ್ಸಿನ ಹೆಸರು ಬರಲಿಲ್ಲ. ಅದು ಬರುವದು ಲೆಕ್ಕದ ಪುಸ್ತಕದಲ್ಲಿ. ಸ್ಟೀಮಿನಲ್ಲಿ ಒಂದು ಆಟವನ್ನು ಒಮ್ಮೆ ಕೊಂಡರೆ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಬೇರೆ ಬೇರೆಯಾಗಿ ಕೊಳ್ಳಬೇಕಾಗಿಲ್ಲ. ಹಾಗಾದರೆ ಆ ಮಾರಾಟವನ್ನು ಯಾವ ಖಾತೆಗೆ ಬರೆಯಬೇಕು? ಕೊಂಡ ಮೊದಲ ವಾರದಲ್ಲಿ ಯಾವ ವ್ಯವಸ್ಥೆಯಲ್ಲಿ ಹೆಚ್ಚು ಹೊತ್ತು ಆಡಿದರೋ ಅದರ ಖಾತೆಗೆ. ಆಡದೆ ಇಟ್ಟಿದ್ದರೆ ಯಾವದರಿಂದ ಕೊಂಡರೋ ಅದರ ಖಾತೆಗೆ ಎಂಬದು ಕ್ರಮ. ಈ ಲೆಕ್ಕವು ಆಟ ಮಾಡಿದವರಿಗೆ ತಲಪುತ್ತದೆ. ಅದರಲ್ಲಿ ಲಿನಕ್ಸಿನ ಮುಂದೆ ಇರುವ ಅಂಕೆಯನ್ನು ನೋಡಿಯೇ ಅವರು, ಮುಂದಿನ ಆಟದಲ್ಲಿ ಲಿನಕ್ಸಿಗಾಗಿ ಒಬ್ಬ ಕೆಲಸಗಾರನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಿಶ್ಚಯಿಸುತ್ತಾರೆ.

ಮಾರ್ಪಡಿಸುವ ದರ್ಜಿಗಳಿಗಂತೂ ಈ ಅಂಕೆಯು ಅನ್ನವೇ ಆಗಿತ್ತು. ಸ್ಟೀಮ್ ಅಂಗಡಿಯು ೨೦೧೩ರ ಫೆಬ್ರವರಿ ೧೪ರಂದು ಲಿನಕ್ಸಿಗೆ ಬಂದಿತು. ಆಮೇಲೆ ಲಂಡನಿನ ಫೆರಲ್ ಎಂಬ ಕಂಪೆನಿಯವರು ದೊಡ್ಡ ದೊಡ್ಡ ಆಟಗಳನ್ನು ಲಿನಕ್ಸಿಗೆ ತಂದುಕೊಟ್ಟರು. ಇಂಥ ಕೆಲಸದಲ್ಲಿ ಲಿನಕ್ಸಿನ ಖಾತೆಗೆ ಬರೆದ ಮಾರಾಟದಿಂದ ದರ್ಜಿಗೆ ಪಾಲು ದೊರೆಯುವದು ರೂಢಿ. ಯಾರಾದರೂ ವಿಂಡೋಸಿನ ಆಟವನ್ನು ಅಗ್ಗದ ದಿನಗಳಲ್ಲಿ ಮೊದಲೇ ಕೊಂಡಿಟ್ಟುಕೊಂಡು, ವರುಷ ಕಳೆದು ಲಿನಕ್ಸಿನ ರೂಪ ಬಂದಾಗ ಅದನ್ನು ಆಡಿದರೆ ದರ್ಜಿಗೆ ಏನೂ ಸಿಕ್ಕದು. ಲೋಕಿಯ ಕಥೆಯೇ ಮತ್ತೆ. ಆದುದರಿಂದ ಲಿನಕ್ಸ್ ಆಟಗಾರರಲ್ಲಿ ಒಂದು ಘೋಷವಾಕ್ಯ ಹುಟ್ಟಿತು. ಲಿನಕ್ಸಿನ ಲಾಂಛನವಾದ ಪೆಂಗ್ವಿನ್ ಹಕ್ಕಿಯ ಹೆಸರು ಟಕ್ಸ್. ಟಕ್ಸ್ ಇಲ್ಲದ ಕಡೆ ನಮ್ಮ ದುಡ್ಡೂ ಇಲ್ಲ ಎಂಬದು ಅದರ ತಾತ್ಪರ್ಯ. ಆಟವು ಲಿನಕ್ಸಿಗೆ ಬಂದ ಮೇಲೆಯೇ ಕೊಳ್ಳುವೆವೆಂದು ಹಲವರು ವ್ರತ ಹಿಡಿದರು.

ಈ ವ್ರತವನ್ನು ಬಹುಮಂದಿ ಬಿಡುವಂತೆ ಮಾಡಿದ್ದು ಅಂಗಡಿಯವರೇ. ವಾಲ್ವ್ ಕಂಪೆನಿಯ ಒಡೆಯರಾದ ಗೇಬ್ ನ್ಯೂವೆಲ್ ಹಿಂದೆ ಮೈಕ್ರೋಸಾಫ್ಟಿನಲ್ಲಿಯೇ ಕೆಲಸದಲ್ಲಿದ್ದವರು. ೨೦೧೨ರಲ್ಲಿ ವಿಂಡೋಸ್ ೮ ಬರಲಿದ್ದಾಗ ಅದರೊಂದಿಗೆ ಮೈಕ್ರೋಸಾಫ್ಟಿನವರು ತಮ್ಮದೇ ಅಂಗಡಿಯನ್ನು ತೆರೆಯುತ್ತಿದ್ದರು. ನೆಲದ ಒಡೆಯನೇ ಅಂಗಡಿಯಿಟ್ಟರೆ ಬಾಡಿಗೆಯ ಅಂಗಡಿಯವನಿಗೆ ನಿದ್ರೆ ಬರುವದೇ? ನ್ಯೂವೆಲ್ ಅದನ್ನು ಈ ಉದ್ಯಮದವರೆಲ್ಲರಿಗೂ ಬಂದ ವಿಪತ್ತೆಂದು ಬಹಿರಂಗವಾಗಿ ಹೇಳಿದರು. ಯಾರ ಅಪ್ಪಣೆಯೂ ಬೇಕಾಗದ ನೆಲವೆಂದು ಲಿನಕ್ಸಿನ ಕಡೆಗೆ ನೋಡಿದರು. ಲಿನಕ್ಸಿನ ಮೇಲಣ ಪ್ರೇಮಕ್ಕಿಂತ ಸ್ವಂತ ವ್ಯಾಪಾರದ ಭಯವೇ ಇದಕ್ಕೆ ಮೂಲವೆಂಬದನ್ನು ಮರೆಯಬಾರದು. ೨೦೧೫ರಲ್ಲಿ ಅವರು ಹೊರಡಿಸಿದ ಸ್ಟೀಮ್ ಮಶೀನ್ ಎಂಬ ಯಂತ್ರಗಳು ನಡೆಯಲಿಲ್ಲ. ಲಿನಕ್ಸಿಗೆ ಆಟಗಳೇ ಸಾಕಷ್ಟು ಇರಲಿಲ್ಲ.

ಆಗ ಅವರು ಬೇರೆ ದಾರಿಯನ್ನು ಹಿಡಿದರು. ವಿಂಡೋಸಿನ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ನಡಿಸುವದಕ್ಕಾಗಿ ೧೯೯೩ರಿಂದಲೇ ವೈನ್ ಎಂಬ ತಂತ್ರಾಂಶವನ್ನು ಅನೇಕರು ಕೂಡಿ ಕಟ್ಟುತ್ತಾ ಬಂದಿದ್ದರು. ಅದು ದುಭಾಷಿಯ ಕೆಲಸ. ಆಟವು ವಿಂಡೋಸಿನ ಮಾತಿನಲ್ಲಿ ಒಂದು ಕಡತ ಬೇಕೆಂದು ಕೇಳುತ್ತದೆ. ವೈನ್ ಅದನ್ನು ಲಿನಕ್ಸಿನ ಮಾತಿಗೆ ತಿರುಗಿಸಿ ಹೇಳಿ, ಬಂದ ಉತ್ತರವನ್ನು ಪುನಃ ವಿಂಡೋಸಿನ ಮಾತಿನಲ್ಲಿ ಆಟಕ್ಕೆ ಒಪ್ಪಿಸುತ್ತದೆ. ಚಿತ್ರಗಳ ಸಂಗತಿಯಲ್ಲಿ ಮಾತ್ರ ಈ ದುಭಾಷಿಯು ಬಹಳ ತೊದಲುತ್ತಿದ್ದನು. ಫಿಲಿಪ್ ರೆಬೋಲೆ ಎಂಬ ತರುಣರು 'ನೀರ್: ಆಟೊಮಾಟ' ಎಂಬ ತಮ್ಮ ಮೆಚ್ಚಿನ ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಆಸೆಯಿಂದ, ವಿಂಡೋಸಿನ ಚಿತ್ರಭಾಷೆಯನ್ನು ವಲ್ಕನ್ ಎಂಬ ಹೊಸ ಚಿತ್ರಭಾಷೆಗೆ ತಿರುಗಿಸುವ ಡಿಎಕ್ಸ್‌ವಿಕೆ ಎಂಬದನ್ನು ಬರೆಯತೊಡಗಿದರು. ವಾಲ್ವಿನವರು ೨೦೧೮ರಲ್ಲಿ ಅವರಿಗೆ ಸಂಬಳ ಕೊಟ್ಟು ಅದೇ ಕೆಲಸದಲ್ಲಿ ನಿಲ್ಲಿಸಿದರು. ವೈನನ್ನು ನೋಡಿಕೊಳ್ಳುವ ಕೋಡ್‌ವೀವರ್ಸ್ ಎಂಬ ಮಿನಿಸೋಟದ ಕಂಪೆನಿಯವರನ್ನೂ ಕೂಡಿಸಿಕೊಂಡರು. ಎಲ್ಲವನ್ನೂ ಸೇರಿಸಿ ೨೦೧೮ರ ಆಗಸ್ಟಿನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಸ್ಟೀಮಿನೊಳಗೇ ಇಟ್ಟರು. ನಮ್ಮ ಹುಡುಗಿಯ ಮನೆಯಲ್ಲಿ ಕಾಣದೆ ಕೆಲಸ ಮಾಡಿದ್ದು ಇದೇ. ೨೦೨೨ರ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವು ಲಿನಕ್ಸನ್ನೇ ಒಳಗಿಟ್ಟುಕೊಂಡು ಬಂದಿತು. ಅದನ್ನು ಕೊಂಡವರಲ್ಲಿ ಬಹುಮಂದಿಗೆ ತಾವು ಲಿನಕ್ಸ್ ಬಳಸುತ್ತಿದ್ದೇವೆಂಬ ಅರಿವೂ ಇರಲಾರದು. ಅಂಗಡಿಯವರೇ ತಿಂಗಳು ತಿಂಗಳು ಮಾಡುವ ಗಣತಿಯಲ್ಲಿ ೨೦೨೫ರ ಅಕ್ಟೋಬರಿನಲ್ಲಿ ಲಿನಕ್ಸಿನವರ ಪಾಲು ಮೊದಲ ಸಲ ನೂರಕ್ಕೆ ಮೂರನ್ನು ದಾಟಿತು.

ಇಷ್ಟು ಹೇಳಿದ ಮೇಲೆ ೧೫೦ ರೂಪಾಯಿಯ ಅರ್ಥವು ಬದಲಾಗುತ್ತದೆ. ಮೊದಲು ಅದನ್ನು ದಲ್ಲಾಳಿಯ ಹಣವೆಂದೇ ನಾನು ಎಣಿಸಿದ್ದೆನು. ಆದರೆ ವಾಲ್ವಿನವರ ಆದಾಯದ ದೊಡ್ಡ ಭಾಗವು ಈ ಪಾಲೇ. ಅದರಿಂದಲೇ ಅವರು ನೂರಕ್ಕೂ ಹೆಚ್ಚು ಮಂದಿ ಮುಕ್ತ ತಂತ್ರಾಂಶದ ಕೆಲಸಗಾರರಿಗೆ ಹಣ ಕೊಡುತ್ತಿರುವದಾಗಿ ಅವರ ಕಂಪೆನಿಯ ಪಿಯರ್ ಲೂ ಗ್ರಿಫೇ ೨೦೨೨ರಲ್ಲಿ ಹೇಳಿದರು. ಪ್ರೋಟಾನ್ ಮಾತ್ರವಲ್ಲ, ಚಿತ್ರಫಲಕಗಳಿಗೆ ಅಪ್ಪಣೆ ಕೊಡುವ ಮೆಸ ಎಂಬ ತಂತ್ರಾಂಶವೂ ಇದರಲ್ಲಿ ಸೇರಿದೆ. ಸ್ಪೇನಿನ ಇಗಾಲಿಯ, ಇಂಗ್ಲೆಂಡಿನ ಕೊಲಾಬೊರ ಮೊದಲಾದ ಸಂಸ್ಥೆಗಳ ಕೆಲಸಗಾರರೂ ಹೀಗೆ ದುಡಿಯುತ್ತಾರೆ. ಸ್ಟೀಮ್ ಡೆಕ್ಕಿನ ವ್ಯವಸ್ಥೆಗೆ ಆಧಾರವಾದ ಆರ್ಚ್ ಲಿನಕ್ಸ್ ಎಂಬ ಸ್ವಯಂಸೇವಕರ ಯೋಜನೆಗೂ ೨೦೨೪ರಲ್ಲಿ ಸಹಾಯವನ್ನು ಸಾರಿದರು. ಈ ಕೆಲಸದ ಬಹುಭಾಗವು ಮುಕ್ತವಾಗಿ ಹೊರಬರುವದರಿಂದ ಸ್ಟೀಮಿನಲ್ಲಿ ಒಂದು ಕಾಸೂ ಕೊಡದವನ ಯಂತ್ರವೂ ಅದರಿಂದ ಚುರುಕಾಗುತ್ತದೆ. ಒಬ್ಬನು ತೋಡಿಸಿದ ಬಾವಿಯಲ್ಲಿ ಊರೇ ನೀರು ಸೇದಿದಂತೆ.

ಆದರೆ ಇದರಿಂದ ದರ್ಜಿಗಳ ಕೆಲಸವು ಕುಗ್ಗಿತು. ದುಭಾಷಿ ಚೆನ್ನಾಗಿ ಮಾತಾಡುವಾಗ ಭಾಷಾಂತರದ ಪುಸ್ತಕವನ್ನು ಅಚ್ಚುಹಾಕಿಸುವವರು ಯಾರು? ಫೆರಲಿನಂಥವರು ಲಿನಕ್ಸಿಗೆ ತರುವ ಆಟಗಳು ವರುಷದಿಂದ ವರುಷಕ್ಕೆ ಕಡಮೆಯಾದವು. ಪ್ರೋಟಾನಿನಲ್ಲಿ ಆಡಿದ್ದನ್ನೂ ಲಿನಕ್ಸಿನ ಮಾರಾಟವೆಂದೇ ಬರೆಯುತ್ತಾರೆಂಬದು ಸಮಾಧಾನದ ಮಾತು. ಆದರೆ ಯಾವ ಶ್ರಮವನ್ನೂ ಪಡದ ಆಟದ ಒಡೆಯನಿಗೂ ಆ ಅಂಕೆ ದೊರೆಯುವದರಿಂದ, ಅವನು ಇನ್ನಷ್ಟು ನಿಶ್ಚಿಂತನಾಗುವ ಸಂಭವವೂ ಉಂಟು. ಮತ್ತು ಅವನ ಮನಸ್ಸು ಬದಲಾದರೆ ದುಭಾಷಿಯು ಏನೂ ಮಾಡಲಾರನು. 'ಏಪೆಕ್ಸ್ ಲೆಜೆಂಡ್ಸ್' ಎಂಬ ಆಟವು ಕೆಲವು ವರುಷ ಲಿನಕ್ಸಿನಲ್ಲಿ ನಡೆದು, ೨೦೨೪ರ ಅಕ್ಟೋಬರಿನ ಕೊನೆಯಲ್ಲಿ, ಮೋಸದಾಟವನ್ನು ತಡೆಯಬೇಕೆಂಬ ಕಾರಣದಿಂದ, ಅಲ್ಲಿ ಬಾಗಿಲು ಹಾಕಿಕೊಂಡಿತು. ಒಂದೇ ವರ್ತಕನ ಹಣದ ಮೇಲೆ ಇಷ್ಟು ಮಂದಿಯ ಕೆಲಸವು ನಿಂತಿರುವದೂ ನನಗೆ ನೆಮ್ಮದಿ ಕೊಡುವ ಸಂಗತಿಯಲ್ಲ. ಬರೆದ ಕೆಲಸ ಮುಕ್ತವಾಗಿ ಉಳಿಯುವದು, ನಿಜ. ಬರೆಯುವವರ ಸಂಬಳ ಉಳಿಯುವದೆಂಬ ಭರವಸೆ ಯಾರದು?

ಬೇರೆ ಅಂಗಡಿಗಳ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಎಪಿಕ್ ಕಂಪೆನಿಯವರು ೨೦೧೮ರ ದಶಂಬರದಲ್ಲಿ ಅಂಗಡಿ ತೆರೆದು ನೂರಕ್ಕೆ ೧೨ನ್ನು ಮಾತ್ರ ತೆಗೆದುಕೊಳ್ಳುವೆವೆಂದರು. ಆಟ ಮಾಡಿದವರಿಗೆ ಅದು ಲಾಭವೇ. ಆದರೆ ಲಿನಕ್ಸಿಗೆಂದು ಅವರ ಅಂಗಡಿಯ ತಂತ್ರಾಂಶವಿಲ್ಲ. ಅವರು ೨೦೧೯ರಲ್ಲಿ ಕೊಂಡುಕೊಂಡ ಕಂಪೆನಿಯೊಂದರ 'ರಾಕೆಟ್ ಲೀಗ್' ಎಂಬ ಆಟಕ್ಕೆ ಇದ್ದ ಲಿನಕ್ಸಿನ ರೂಪವು ೨೦೨೦ರ ಮಾರ್ಚಿನಲ್ಲಿ ನಿಂತಿತು. ಕೊಂಡವರಿಗೆ ಹಣ ಹಿಂದೆ ಕೊಡುವ ಏರ್ಪಾಡಾಯಿತು. ಹಾಗೆಂದು ಅವರನ್ನು ಪೂರಾ ಶತ್ರುಗಳೆನ್ನುವದೂ ಅನ್ಯಾಯ: ಲಿನಕ್ಸಿನಲ್ಲಿ ಹಲವು ಅಂಗಡಿಗಳ ಆಟಗಳನ್ನು ಒಂದೆಡೆ ಕೂಡಿಸಿಕೊಡುವ ಲೂಟ್ರಿಸ್ ಎಂಬ ಯೋಜನೆಗೆ ಅವರೇ ೨೫,೦೦೦ ಡಾಲರುಗಳನ್ನು ದಾನವಾಗಿ ಕೊಟ್ಟಿದ್ದಾರೆ. ಪೋಲೆಂಡಿನ ಜಿಓಜಿ ಎಂಬ ಅಂಗಡಿಯವರು ಯಾವ ಬೀಗವೂ ಇಲ್ಲದ ಆಟಗಳನ್ನು ಮಾರುತ್ತಾರೆ, ೨೦೧೪ರಿಂದ ಲಿನಕ್ಸಿನ ಆಟಗಳನ್ನೂ ಇಟ್ಟಿದ್ದಾರೆ. ಹೀರೋಯಿಕ್ ಎಂಬ ಸ್ವಯಂಸೇವಕರ ತಂತ್ರಾಂಶದ ಮೂಲಕ ಅಲ್ಲಿಗೆ ಹೋಗಿ ಕೊಂಡರೆ ಅವರಿಗೂ ಸ್ವಲ್ಪ ಪಾಲು ದೊರೆಯುವದು. ಇಚ್ ಎಂಬ ಅಂಗಡಿಯಲ್ಲಿಯಂತೂ ಅಂಗಡಿಗೆ ಎಷ್ಟು ಕೊಡಬೇಕೆಂಬದನ್ನು ಮಾರುವವರೇ ಗೊತ್ತುಮಾಡಬಹುದು. ಏನೂ ಹೇಳದಿದ್ದರೆ ನೂರಕ್ಕೆ ಹತ್ತು. ಒಬ್ಬಿಬ್ಬರು ಕೂಡಿ ಮಾಡಿದ ಸಣ್ಣ ಆಟವನ್ನು ಕೊಳ್ಳುವದಾದರೆ ನಾನು ಅಲ್ಲಿಯೇ ಕೊಂಡೇನು.

ಕೊಳ್ಳುವವರಿಂದ ಹಣವಲ್ಲದೆ ಇನ್ನೊಂದು ವಸ್ತುವೂ ಹೋಗುತ್ತದೆ. ಅದು ದೂರು. ಇದನ್ನು ಕುರಿತು ನಾನು ಓದಿದ ಎರಡು ಲೆಕ್ಕಗಳು ಬಹುದಿನ ನನ್ನ ತಲೆಯಲ್ಲಿ ಸುಳಿದಾಡಿದವು. ೨೦೧೪ರಲ್ಲಿ ಹೊರಬಂದ 'ಪ್ಲಾನೆಟರಿ ಎನೈಹಿಲೇಷನ್' ಎಂಬ ಆಟದಲ್ಲಿ ಕೆಲಸಮಾಡಿದ ಒಬ್ಬರು ಹೇಳಿದ್ದು ಹೀಗೆ: ಮಾರಾಟದಲ್ಲಿ ಲಿನಕ್ಸಿನ ಪಾಲು ಸಾವಿರಕ್ಕೆ ಒಂದಕ್ಕಿಂತ ಕಡಮೆ, ಆಟ ಕುಸಿದುಬಿದ್ದ ವರದಿಗಳಲ್ಲಿಯೂ ದೂರುಗಳಲ್ಲಿಯೂ ಅದರ ಪಾಲು ನೂರಕ್ಕೆ ೨೦ಕ್ಕಿಂತ ಹೆಚ್ಚು. ಇಂಥ ಗಿರಾಕಿಯನ್ನು ಯಾವ ಅಂಗಡಿಯವನು ಬಯಸುವನು? ಇದನ್ನು ಮಾತ್ರ ಓದಿದವರು ಲಿನಕ್ಸನ್ನು ಬಿಟ್ಟುಬಿಡುವದೇ ಬುದ್ಧಿಯೆಂದು ತೀರ್ಮಾನಿಸುವರು. ಆದರೆ 'ಡೆಲ್ಟಾ ವೀ: ರಿಂಗ್ಸ್ ಆಫ್ ಸ್ಯಾಟರ್ನ್' ಎಂಬ ಆಟವನ್ನು ಮಾಡಿದವರು ೨೦೨೧ರಲ್ಲಿ ತಮ್ಮ ಪುಸ್ತಕವನ್ನು ತೆರೆದಿಟ್ಟರು. ಸುಮಾರು ೧೨,೦೦೦ ಪ್ರತಿಗಳು ಮಾರಾಟವಾಗಿದ್ದವು. ಅವುಗಳಲ್ಲಿ ಸುಮಾರು ೭೦೦, ಅಂದರೆ ನೂರಕ್ಕೆ ೫.೮, ಲಿನಕ್ಸಿನವರದು. ಬಂದ ದೂರುಗಳು ಸುಮಾರು ಒಂದು ಸಾವಿರ. ಅವ���ಗಳಲ್ಲಿ ಸುಮಾರು ೪೦೦ ಲಿನಕ್ಸಿನವರದು. ಇಲ್ಲಿಗೆ ಎರಡು ಲೆಕ್ಕವೂ ಒಂದೇ ಬಗೆ. ಆದರೆ ಆ ೪೦೦ರಲ್ಲಿ ಲಿನಕ್ಸಿಗೆ ಮಾತ್ರ ಸಂಬಂಧಪಟ್ಟ ದೋಷಗಳು ಮೂರೇ ಮೂರು! ಉಳಿದವೆಲ್ಲ ಯಾವ ಯಂತ್ರದಲ್ಲಿಯೂ ಇದ್ದ ದೋಷಗಳು. ವಿಂಡೋಸಿನ ಗಿರಾಕಿಗಳು ಅವನ್ನು ಕಂಡರೂ ಸುಮ್ಮನಿದ್ದರು, ಲಿನಕ್ಸಿನವರು ಬರೆದು ತಿಳಿಸಿದರು. ಅದೂ ಏನು ಮಾಡಿದಾಗ ಕೆಟ್ಟಿತು, ಯಂತ್ರವು ಏನು ಹೇಳಿತು ಎಂಬ ವಿವರದೊಂದಿಗೆ. ಆಟ ಮಾಡಿದವರು ಅದನ್ನು ಬಿಟ್ಟಿಯಾಗಿ ದೊರೆತ ಪರೀಕ್ಷಕರ ಸೇವೆಯೆಂದು ಎಣಿಸಿದರು.

ಉತ್ತರಪತ್ರಿಕೆಗಳನ್ನು ತಿದ್ದುವವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಸಂಶಯ ಕೇಳದ ಹುಡುಗಿಯು ಎಲ್ಲವನ್ನೂ ತಿಳಿದವಳೆಂದು ಅರ್ಥವಲ್ಲ. ಮೊದಲನೆಯ ಲೆಕ್ಕವು ಸುಳ್ಳೆಂದು ನಾನು ಹೇಳುವದಿಲ್ಲ. ಆ ಕಾಲದ ಲಿನಕ್ಸಿನಲ್ಲಿ ಚಿತ್ರಫಲಕಗಳ ತೊಂದರೆಯು ನಿಜವಾಗಿಯೂ ಇತ್ತು. ಅದನ್ನು ತಿದ್ದಿದ್ದೂ ಮೇಲೆ ಹೇಳಿದ ಹಣವೇ. ಆದರೆ ದೂರುಗಳನ್ನು ಎಣಿಸುವದು ಬೇರೆ, ಓದುವದು ಬೇರೆ.

ಇನ್ನು ಹಣವು ಬಳಸುದಾರಿಯಿಂದ ತಲಪಿದ ಒಂದು ಪ್ರಸಂಗ. 'ಟೆರೇರಿಯ' ಎಂಬ ಆಟವನ್ನು ನಮ್ಮ ಮಕ್ಕಳಲ್ಲಿ ಹಲವರು ಬಲ್ಲರು. ಅದು ೨೦೧೧ರಲ್ಲಿ ವಿಂಡೋಸಿಗಾಗಿ ಬಂದಿತು. ೨೦೧೫ರಲ್ಲಿ ಲಿನಕ್ಸಿಗೆ ಬಂದದ್ದು ಎಫ್‌ಎನ್‌ಎ ಎಂಬ ಮುಕ್ತ ಉಪಕರಣದ ಸಹಾಯದಿಂದ. ಅದನ್ನು ಬಹುಮಟ್ಟಿಗೆ ಈಥನ್ ಲೀ ಎಂಬವರೊಬ್ಬರೇ ಕಟ್ಟಿ ನೋಡಿಕೊಳ್ಳುತ್ತಾರೆ. ೨೦೨೩ರ ಸಪ್ಟೆಂಬರಿನಲ್ಲಿ ಯೂನಿಟಿ ಎಂಬ ಆಟ ಕಟ್ಟುವ ತಂತ್ರಾಂಶದವರು, ಒಂದು ಆಟವು ಒಂದೊಂದು ಯಂತ್ರದಲ್ಲಿ ಹೂಡಲ್ಪಟ್ಟಾಗಲೆಲ್ಲ ಶುಲ್ಕ ತೆಗೆದುಕೊಳ್ಳುವೆವೆಂದು ಸಾರಿ ಗದ್ದಲವೆಬ್ಬಿಸಿದರು. ಆಗ ಟೆರೇರಿಯದ ಒಡೆಯರಾದ ರೀಲಾಜಿಕ್ ಕಂಪೆನಿಯವರು ಗೊಡೋ ಎಂಬ ಮುಕ್ತ ತಂತ್ರಾಂಶಕ್ಕೂ ಎಫ್‌ಎನ್‌ಎಗೂ ತಲಾ ಒಂದು ಲಕ್ಷ ಡಾಲರುಗಳನ್ನು ಕೊಟ್ಟು, ಮುಂದೆ ತಿಂಗಳಿಗೆ ತಲಾ ಸಾವಿರ ಡಾಲರು ಕೊಡುವೆವೆಂದರು. ವಿಂಡೋಸಿನಲ್ಲಿ ಆ ಆಟವನ್ನು ಕೊಂಡ ಲಕ್ಷಾಂತರ ಮಂದಿಯ ಹಣದಿಂದಲೇ ಅದು ಬಂದದ್ದು. ಇಂಥ ಬುದ್ಧಿ ಎಲ್ಲ ಒಡೆಯರಿಗೂ ಇರುವದಿಲ್ಲ. ಆದರೂ ಒಬ್ಬ ಒಡೆಯನ ನಡತೆಯನ್ನು ನೋಡಿ ಅವನ ಸರಕನ್ನು ಕೊಳ್ಳುವದು ನಮ್ಮ ಕೈಯಲ್ಲಿದೆ. 'ಮಿಂಡಸ್ಟ್ರಿ' ಎಂಬ ಆಟವೂ ಉಂಟು: ಮೂಲಬರಹವು ಮುಕ್ತ, ಬೇಕೆಂದವರು ಬಿಟ್ಟಿಯಾಗಿ ಪಡೆಯಬಹುದು, ಸ್ಟೀಮಿನಲ್ಲಿ ಬೆಲೆಯುಂಟು. ಬಿಟ್ಟಿ ದೊರೆಯುವದನ್ನು ಬೆಲೆಕೊಟ್ಟು ಕೊಳ್ಳುವವರೂ ಇದ್ದಾರೆ.

ತಾಯಿತಂದೆಗಳು ಎಚ್ಚರವಹಿಸಬೇಕಾದ ಒಂದು ಸಂಗತಿಯುಂಟು. ಆಟದ ಬೀಗದ ಸಂಖ್ಯೆಗಳನ್ನು ಅಗ್ಗವಾಗಿ ಮಾರುವ ಕೆಲವು ಸ್ಥಳಗಳು ಅಂತರಜಾಲದಲ್ಲಿವೆ. ಆಟದ ಒಡೆಯರೊಡನೆ ಒಪ್ಪಂದ ಮಾಡಿಕೊಂಡ ಅಂಗಡಿಗಳು ಬೇರೆ, ಅವುಗಳ ಮಾತಲ್ಲ. ಯಾರು ಯಾರಿಂದಲೋ ಬಂದ ಸಂಖ್ಯೆಗಳನ್ನು ಮಾರುವ ಸಂತೆಗಳ ಮಾತು. ಅಲ್ಲಿ ಕೆಲವು ಸಂಖ್ಯೆಗಳು ಕದ್ದ ಬೇಂಕ್ ಕಾರ್ಡುಗಳಿಂದ ಕೊಂಡವುಗಳಾಗಿರುತ್ತವೆ. ಕಾರ್ಡಿನ ಒಡೆಯನು ದೂರು ಕೊಟ್ಟಾಗ ಬೇಂಕು ಹಣವನ್ನು ಹಿಂದಕ್ಕೆ ಎಳೆದುಕೊಂಡು ದಂಡವನ್ನೂ ಹಾಕುತ್ತದೆ. ಸಣ್ಣ ಆಟ ಮಾಡಿದವರಿಗೆ ಬರಬೇಕಾದ ಹಣ ಬಾರದಿರುವದಲ್ಲದೆ ಕೈಯಿಂದ ತೆರಬೇಕಾಗುತ್ತದೆ. ಹಣವಿಲ್ಲದಿದ್ದರೆ ಅಂಗಡಿಯಲ್ಲಿಯೇ ಬೆಲೆಯಿಳಿಸುವ ದಿನಕ್ಕೆ ಕಾದಿದ್ದು ಕೊಳ್ಳುವದು ಮೇಲು. ಕೊಂಡ ಆಟವು ಲಿನಕ್ಸಿನಲ್ಲಿ ನಡೆಯದೆ ಹೋದರೆ, ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಮೆ ಆಡಿದ್ದಲ್ಲಿ, ಸ್ಟೀಮಿನವರು ಹಣವನ್ನು ಹಿಂದೆ ಕೊಡುತ್ತಾರೆ. ಕಾರಣವನ್ನು ಕೇಳುವ ಸ್ಥಳದಲ್ಲಿ ಲಿನಕ್ಸಿನಲ್ಲಿ ನಡೆಯಲಿಲ್ಲವೆಂದು ಬರೆಯುವದನ್ನು ಮರೆಯಬೇಡಿರಿ.

ನನ್ನ ವಿದ್ಯಾರ್ಥಿನಿಗೆ ಇದನ್ನೆಲ್ಲ ಒಂದು ಮಧ್ಯಾಹ್ನ ಕುಳಿತು ಹೇಳಿದೆನು. ೯೦ ಸರಕಾರಕ್ಕೆ, ೩೫೦ ಆಟದ ಒಡೆಯರಿಗೆ, ೧೫೦ ಅಂಗಡಿಗೆ. ನಿನ್ನ ಯಂತ್ರದಲ್ಲಿ ಅದನ್ನು ನಡಿಸಿದವರ ಕೂಲಿ ಆ ೧೫೦ರ ಒಳಗೆ ಎಲ್ಲಿಯೋ ಇದೆಯೆಂದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಮ್ಮನವರೇ, ಕೊಂಡದ್ದು ತಮ್ಮನ ವಿಂಡೋಸ್ ಯಂತ್ರದಲ್ಲಿ ಕೂತು. ಕಾರ್ಡು ಅವನದಾಗಿತ್ತು. ಲೆಕ್ಕ ತಪ್ಪಿತೇ?" ಎಂದಳು. ಮೊದಲ ವಾರ ಮಗಳು ಎಲ್ಲಿ ಆಡಿದಳೆಂದು ಕೇಳಿದೆನು. ಮನೆಯಲ್ಲಿಯೇ, ದಿನಕ್ಕೆ ಒಂದು ಗಂಟೆ, ಪಾಠ ಮುಗಿದ ಮೇಲೆ, ಎಂದಳು. ಹಾಗಾದರೆ ಲಿನಕ್ಸಿನ ಖಾತೆಯಲ್ಲಿಯೇ ಬಿದ್ದಿದೆಯೆಂದು ಹೇಳಿದೆನು. ಪಾಠ ಮುಗಿದ ಮೇಲೆ ಎಂಬ ಮಾತನ್ನು ಮಾತ್ರ ನಾನು ಮಗಳ ತರಗತಿಯ ಉಪಾಧ್ಯಾಯಿನಿಯವರೊಡನೆ ವಿಚಾರಿಸಬೇಕಾಗಿದೆ.